ವಿಭೂತಿ ತಿನ್ನುವ ಇಲಿ

ಆ ಇಲಿಯನ್ನು ನಾನೇ ಹಿಡಿಯುತ್ತೇನೆ ಎಂದು ಶಪಥ ಮಾಡಿದ್ದು ಒಂದು ಸೋಮವಾರ ಬೆಳಿಗ್ಗೆ, ಒದ್ದೆ ಟವೆಲ್ಲಿನಲ್ಲಿ ದೇವರ ಕೋಣೆಯ ಬಾಗಿಲಲ್ಲಿ ನಿಂತು. ತಟ್ಟೆಯಲ್ಲಿ ವಿಭೂತಿ ಗಟ್ಟಿ ಇರಲಿಲ್ಲ. ಹಿಂದಿನ ಸೋಮವಾರವೂ ಇರಲಿಲ್ಲ. ಹೊಸದು ತಂದಿಟ್ಟರೆ ಮೊದಲು ಅಂಚು ಸವೆಯುತ್ತಿತ್ತು, ವಾರದೊಳಗೆ ಗಟ್ಟಿಯೇ ಮಾಯವಾಗುತ್ತಿತ್ತು. ಹಣೆಗೆ ಹಚ್ಚಿಕೊಳ್ಳಲು ತಟ್ಟೆಯ ತಳದ ಪುಡಿಯನ್ನು ಬೆರಳಲ್ಲಿ ಗುಡಿಸಿಕೊಳ್ಳುವ ಗತಿ ನನಗೆ ಬಂದಿತ್ತು.

"ಅಮ್ಮ, ಇದು ಇಲಿ ಕೆಲ್ಸ," ಎಂದೆ.

"ಇಲಿ ಅಲ್ಲ, ನಿನ್ನ ಹೆಂಡ್ತಿ ಭಕ್ತಿ," ಎಂದಳು ನನ್ನ ತಾಯಿ ಸರ್ವಮಂಗಳಮ್ಮ. "ಪುಷ್ಪಾ ಹೊತ್ತುಹೊತ್ತಿಗೆ ಒಳಗೆ ಹೋಗಿ ಬಾಗ್ಲು ಮುಂದೆ ಮಾಡ್ಕಂತಾಳೆ. ನೀನೂ ಇದೀಯ, ಕಾಟಾಚಾರಕ್ಕೆ ಕೈ ಮುಗಿಯೋನು."

ನನ್ನ ಪರಿಚಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಆ ಶಪಥದ ತೂಕ ನಿಮಗೆ ತಿಳಿಯುವುದಿಲ್ಲ. ನಾನು ಕೊಟ್ರೇಶ್. ನ್ಯಾಮತಿಯಲ್ಲಿ ನನ್ನದು ಬೀಜ, ಗೊಬ್ಬರ, ಔಷಧಿಯ ಅಂಗಡಿ. ಹೊನ್ನಾಳಿ ಕಡೆಯಿಂದಲೂ ರೈತರು ಬೆಳೆಯ ಎಲೆ ಕಿತ್ತು ಜೇಬಲ್ಲಿಟ್ಟುಕೊಂಡು ನನ್ನ ಹತ್ತಿರ ಬರುತ್ತಾರೆ. ನಾನು ಅದನ್ನು ಬೆಳಕಿಗೆ ಹಿಡಿಯುತ್ತೇನೆ. ಹಳೆ ಎಲೆ ಹಳದಿಯಾದರೆ ಸಾರಜನಕ ಸಾಲದು. ಅಂಚು ಸುಟ್ಟಂತಿದ್ದರೆ ಪೊಟ್ಯಾಷ್. ಎಳೆ ಎಲೆ ಬಿಳಿಚಿಕೊಂಡು ನರ ಮಾತ್ರ ಹಸಿರಾಗಿ ಉಳಿದಿದ್ದರೆ ಕಬ್ಬಿಣದ ಕೊರತೆ, ಅನುಮಾನವೇ ಬೇಡ. "ಕೊಟ್ರೇಶಣ್ಣ ಎಲೆ ನೋಡಿದ್ರೆ ಗಿಡದ ಜಾತಕ ಹೇಳ್ತಾನೆ," ಎಂದು ದುರುಗಣ್ಣ ಎಂಬ ರೈತ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಸಾರುತ್ತಾನೆ. ನಾನು ಅವನಿಗೆ ಚಹಾ ಕುಡಿಸುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಮಧ್ಯಾಹ್ನ ನಾನು ಹಾಗೆ ಎಲೆ ಹಿಡಿದು ನೋಡುವಾಗ ಎಷ್ಟೋ ಸಲ ಅದರ ಹಿಂದೆ ಊಟದ ಡಬ್ಬಿ ಹಿಡಿದು ಪುಷ್ಪಾ ನಿಂತಿರುತ್ತಿದ್ದಳು. ಅಂಗಡಿಯ ಮೆಟ್ಟಿಲು ಹತ್ತಿ ಬಂದ ಏದುಸಿರಿಗೆ ಬಾಗಿಲ ಚೌಕಟ್ಟು ಹಿಡಿದುಕೊಂಡಿರುತ್ತಿದ್ದಳು.

"ಪಕ್ಕಕ್ಕೆ ಸರಿ, ಬೆಳಕಿಗೆ ಅಡ್ಡ ಆಗ್ತೀಯ," ಎನ್ನುತ್ತಿದ್ದೆ.

ಅವಳು ಸರಿಯುತ್ತಿದ್ದಳು. ಎಲೆ ಸ್ಪಷ್ಟವಾಗಿ ಕಾಣುತ್ತಿತ್ತು.

ಇಲಿಯ ವಿಷಯಕ್ಕೆ ಬರೋಣ. ಅಂಗಡಿಯಲ್ಲಿ ಇಲಿ ಪಾಷಾಣ ರಾಶಿ ಬಿದ್ದಿತ್ತು. ಒಂದು ವಿಭೂತಿ ಗಟ್ಟಿಗೆ ಅದನ್ನು ಸವರಿ ತಟ್ಟೆಯಲ್ಲಿಡುವುದು ನನ್ನ ಯೋಜನೆ. ರಾತ್ರಿ ಊಟಕ್ಕೆ ಕೂತಾಗ ಅದನ್ನು ದಂಡನಾಯಕನ ಗತ್ತಿನಲ್ಲಿ ಘೋಷಿಸಿದೆ. ಅಮ್ಮ ತುತ್ತು ಕೆಳಗಿಟ್ಟಳು.

"ದೇವ್ರ ಮುಂದೆ ಪ್ರಾಣ ತೆಗಿಯಾಕೆ ಹೊಂಟೀಯಾ? ಗಣಪ್ಪನ ವಾಹನ ಅದು. ಅದಕ್ಕೂ ಹಸಿವು ಇರಲ್ವೇನೋ? ಏನೋ ಒಂದು ಚೂರು ತಿಂತು, ತಿನ್ಲಿ ಬಿಡು."

ಬಡಿಸುತ್ತಾ ನಿಂತಿದ್ದ ಪುಷ್ಪಾ ಸೌಟನ್ನು ಪಾತ್ರೆಗೇ ಬಿಟ್ಟಳು. "ಪಾಷಾಣ ಮಾತ್ರ ಬ್ಯಾಡ ರೀ. ನಿಮ್ಮ ಕಾಲಿಗೆ ಬೀಳ್ತೀನಿ."

ಒಂದು ಇಲಿಗಾಗಿ ಕಾಲಿಗೆ ಬೀಳುವಷ್ಟು ದಯೆ! ನನ್ನ ಹೆಂಡತಿಯ ಮೃದು ಹೃದಯ ಕಂಡು ನನಗೆ ಹೆಮ್ಮೆಯಾಯಿತು. ಹೆಮ್ಮೆಪಡಲು ಅವಳಲ್ಲಿ ಇನ್ನೊಂದು ಸಂಗತಿಯೂ ಇತ್ತು, ಅದು ಅವಳ ಬಣ್ಣ. ಮದುವೆಯಾಗಿ ಬಂದಾಗ ಎಣ್ಣೆಗೆಂಪಿದ್ದವಳು ಬರಬರುತ್ತಾ ಬೆಳ್ಳಗಾಗಿದ್ದಳು. ಸಂತೇಬೆನ್ನೂರಿನಲ್ಲಿ ನಮ್ಮ ಅಕ್ಕನ ಮನೆಯ ಗೃಹಪ್ರವೇಶಕ್ಕೆ ಹೋದಾಗ ನೆಂಟರೆಲ್ಲ ಅವಳನ್ನೇ ನೋಡಿದರು. "ನಮ್ಮ ಮನೆ ನೀರು ಹಿಡಿಸೈತೆ," ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿ ಬೀಗಿದ್ದೆ.

ಪಾಷಾಣ ಬೇಡವೆಂದರೆ ಬೇಡ, ಅಂಟು ಇದೆಯಲ್ಲ. ಇಲಿ ಕಾಲಿಟ್ಟರೆ ಕೀಳಲಾರದಂಥ ಅಂಟಿನ ಹಲಗೆಯನ್ನು ತಂದು, ಯಾರಿಗೂ ಹೇಳದೆ, ಬೆಳಗಿನ ಪೂಜೆ ಮುಗಿದ ಮೇಲೆ ತಟ್ಟೆಗೆ ಹೊಸ ಗಟ್ಟಿ ಇಟ್ಟು, ಅದರ ಮುಂದೆ ಕತ್ತಲಲ್ಲಿ ಹಾಸಿದೆ. ಅಂದು ಮಧ್ಯಾಹ್ನ ಅಂಗಡಿಗೆ ಹೋಗದೆ ನಡುಮನೆಯಲ್ಲಿ ಸುಳ್ಳು ಗೊರಕೆ ಹೊಡೆಯುತ್ತಾ ಮಲಗಿದೆ. ದೇವರ ಕೋಣೆಯಲ್ಲಿ ತಟ್ಟೆ ಉರುಳಿದ ಸದ್ದಾಯಿತು. ಕೋಲು ಹಿಡಿದು ನುಗ್ಗಿದೆ, ಹಿಂದೆ ಅಮ್ಮನೂ ಬಂದಳು.

ಪುಷ್ಪಾ ನೆಲದ ಮೇಲೆ ಕೂತಿದ್ದಳು. ಬಲಗೈಯ ಬೆರಳು ಅಂಗೈ ಎಲ್ಲ ಹಲಗೆಗೆ ಕಚ್ಚಿಕೊಂಡಿತ್ತು. ತುಟಿಯ ಸುತ್ತ ಬೂದಿ, ಬಾಯೊಳಗಿನ ವಿಭೂತಿ ಚೂರಿಗೆ ಒಂದು ಕೆನ್ನೆ ಉಬ್ಬಿತ್ತು. ನನ್ನ ಕೋಲನ್ನು ನೋಡಿ ಅವಳೆಂದಳು: "ಹೊಡೀರಿ. ಇಲಿ ಸಿಕ್ತಲ್ಲ."

"ಏನೇ ಇದು? ವಿಭೂತಿ ತಿಂತಾರೇನೇ ಯಾರಾದ್ರೂ?"

"ತಿನ್ನಬೇಕು ಅನ್ನಿಸ್ತೈತೆ ರೀ. ತಡ್ಕಳಾಕೆ ಆಗಲ್ಲ. ಮೊದ್ಲು ಹಸಿ ಅಕ್ಕಿ ತಿಂತಿದ್ದೆ. ಅತ್ತೆ ಅಕ್ಕಿ ಡಬ್ಬಿನ ಅವ್ರ ಮಂಚದ ಕೆಳಗೆ ಇಟ್ಕಂಡ್ರು."

"ನಾನು ನುಸಿ ಹಿಡಿಯುತ್ತೆ ಅಂತ ಇಟ್ಕಂಡೆ," ಎಂದಳು ಅಮ್ಮ. ಅವಳ ದನಿಯಲ್ಲಿ ಭಕ್ತ ಸೊಸೆಯನ್ನು ಕಳೆದುಕೊಂಡ ದುಃಖವಿತ್ತು.

ಅಂಟು ಬಿಡಿಸಲು ಕಡ್ಲೆಕಾಯಿ ಎಣ್ಣೆ ಸುರಿದು ಒಂದೊಂದೇ ಬೆರಳು ತಿಕ್ಕಿದೆ. ಆ ಕೈಯನ್ನು ಅಷ್ಟು ಹೊತ್ತು ಹಿಡಿದದ್ದು ಮದುವೆಯ ದಿನ ಬಿಟ್ಟರೆ ಅಂದೇ ಇರಬೇಕು. ಉಗುರುಗಳು ನಡುವೆ ತಗ್ಗಾಗಿ ಚಮಚದಂತೆ ಬಾಗಿದ್ದವು. ಅಂಗೈ ಗೆರೆಗಳಲ್ಲಿ ಕೆಂಪೇ ಇರಲಿಲ್ಲ. ಇದನ್ನು ಎಲ್ಲೋ ನೋಡಿದ್ದೇನಲ್ಲ ಎಂದು ನಾನು ಯೋಚಿಸುತ್ತಿರುವಾಗಲೇ ಅವಳು ಎದ್ದು ನಿಂತಳು, ಗೋಡೆ ತಡಕಿದಳು, ಅಲ್ಲೇ ಕುಸಿದಳು.

ಹೊನ್ನಾಳಿಯ ಲೇಡಿ ಡಾಕ್ಟರು ಮೇಘಶ್ರೀ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಅಷ್ಟೇ. ನಾನು ಎಲೆ ನೋಡುವುದಕ್ಕಿಂತ ಕಡಿಮೆ ಹೊತ್ತು. ಆಮೇಲೆ ರಕ್ತ ಪರೀಕ್ಷೆಯ ಚೀಟಿ ಬಂತು.

"ಹಿಮೋಗ್ಲೋಬಿನ್ ಐದೂವರೆ. ಹನ್ನೆರಡು ಇರಬೇಕು. ಬಿ ಟ್ವೆಲ್ವ್ ವಿಟಮಿನ್ನೂ ಕಡಿಮೆ ಇದೆ. ಮಣ್ಣು, ಬೂದಿ, ಅಕ್ಕಿ ತಿನ್ನಬೇಕು ಅನ್ನಿಸೋದೇ ಮೈಯಲ್ಲಿ ಕಬ್ಬಿಣ ಇಲ್ಲ ಅನ್ನೋದರ ಗುರುತು. ತಿಂಗಳ ಮುಟ್ಟು ಹೆಂಗಾಗುತ್ತಮ್ಮ?"

ಪುಷ್ಪಾ ನನ್ನ ಕಡೆ ನೋಡಿ, ಆಮೇಲೆ ನೆಲ ನೋಡಿದಳು. "ಬಾಳ ಹೋಗುತ್ತೆ ಮೇಡಂ. ವರ್ಷದ ಮೇಲಾತು."

"ಹಾಲು, ಮೊಸರು, ಸೊಪ್ಪು?"

"ಎಲ್ಲಾರ್ದೂ ಆದ್ಮೇಲೆ ಉಳಿದ್ರೆ."

"ಉಳಿಯುತ್ತಾ?"

"ಇವ್ರಿಗೆ ಮೊಸರು ಅಂದ್ರೆ ಪ್ರಾಣ," ಎಂದಳು. ದೂರಿನ ದನಿಯಲ್ಲ, ನನ್ನ ಗುಣವನ್ನು ಹೊಗಳುವ ದನಿ. ಅದೇ ಹೆಚ್ಚು ಚುಚ್ಚಿತು.

ಇಷ್ಟಾದರೂ ನನ್ನೊಳಗಿನ ಪಂಡಿತ ಸುಮ್ಮನಿರಬೇಕಲ್ಲ. "ಮೇಡಂ, ಕಬ್ಬಿಣ ತಾನೆ? ನಮ್ಮ ಅಂಗಡೀಲಿ ಫೆರಸ್ ಸಲ್ಫೇಟ್ ಮೂಟೆಗಟ್ಲೆ ಐತೆ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಅದು ಗಿಡಕ್ಕೆ. ಇವರು ಮನುಷ್ಯರು. ಈಗ ರಕ್ತ ಕೊಡಬೇಕು, ಗರ್ಭಕೋಶದ ಸ್ಕ್ಯಾನ್ ಆಗಬೇಕು. ಆಮೇಲೆ ನಾನು ಬರೆದ ಮಾತ್ರೆ, ಇಂಜೆಕ್ಷನ್. ಮಾತ್ರೆ ಜೊತೆ ಚಹಾ ಬೇಡ, ಹಾಲೂ ಬೇಡ. ನಿಂಬೆಹಣ್ಣಿನ ನೀರು ಕುಡೀಲಿ. ಇನ್ನು ಸ್ವಲ್ಪ ದಿನ ಬಿಟ್ಟಿದ್ರೆ ಹೃದಯಕ್ಕೇ ಪೆಟ್ಟು ಬೀಳ್ತಿತ್ತು. ಇಷ್ಟು ಬಿಳಿಚಿಕೊಂಡಿದ್ದಾರಲ್ಲ, ಮನೇಲಿ ಯಾರಿಗೂ ಕಾಣಲಿಲ್ವಾ?"

ಕಂಡಿತ್ತು, ಊರಿಗೆಲ್ಲ ತೋರಿಸಿಯೂ ಇದ್ದೆ. ಚೀಟಿ ಹಿಡಿದು ರಕ್ತ ತರಲು ಎದ್ದೆ.

ರಕ್ತದ ಬಾಟಲಿ ಹನಿಯುವುದನ್ನು ನೋಡುತ್ತಾ ಕೂತಾಗ ಪಾಷಾಣದ ನೆನಪು ಬಂತು. ಅಮ್ಮ ಅಂದು ತುತ್ತು ಕೆಳಗಿಡದಿದ್ದರೆ ನಾನು ಸವರಿಯೇ ಇಡುತ್ತಿದ್ದೆ. ನಮ್ಮ ಮನೆಯಲ್ಲಿ ಇಲಿಯ ಹಸಿವಿನ ಬಗ್ಗೆ ಮಾತಾಡಲು ಒಬ್ಬರಿದ್ದರು, ಅದರಿಂದ ಪುಷ್ಪಾ ಬದುಕಿದಳು. ಅವಳ ಹಸಿವಿನ ಬಗ್ಗೆ ಯಾರೂ ಮಾತಾಡಿರಲಿಲ್ಲ.

ಸ್ಕ್ಯಾನಿನಲ್ಲಿ ಸಣ್ಣ ಗಡ್ಡೆ ಕಂಡಿತು, ಅದಕ್ಕೂ ಔಷಧಿ ಶುರುವಾಯಿತು. ತಿಂಗಳುಗಳು ಕಳೆದವು. ಈಗ ಪುಷ್ಪಾ ನಮ್ಮ ಜೊತೆಗೇ ಊಟಕ್ಕೆ ಕೂರುತ್ತಾಳೆ, ಮೊಸರಿನ ಪಾತ್ರೆ ಅವಳ ಪಕ್ಕದಲ್ಲೇ ಇರುತ್ತದೆ. ವಿಭೂತಿ ಗಟ್ಟಿ ತಟ್ಟೆಯಲ್ಲಿ ಇಟ್ಟಂತೆಯೇ ಇದೆ. ಸೊಸೆಗೆ ಭಕ್ತಿ ಕಡಿಮೆಯಾಯಿತೆಂದು ಅಮ್ಮ ಕೊರಗುತ್ತಾಳೆ.

ಮೊನ್ನೆ ಸಂತೇಬೆನ್ನೂರಿನ ಅಕ್ಕ ಬಂದಿದ್ದಳು. ಊಟಕ್ಕೆ ಕೂತಾಗ ಪುಷ್ಪಾಳ ಮುಖವನ್ನು ತಿರುಗಿಸಿ ತಿರುಗಿಸಿ ನೋಡಿ ಲೊಚಗುಟ್ಟಿದಳು.

"ಯಾಕೆ ಪುಷ್ಪಾ, ಹಿಂಗೆ ಕಪ್ಪಗಾಗೀಯಾ? ಗೃಹಪ್ರವೇಶದಾಗೆ ಎಷ್ಟು ಬೆಳ್ಳಗೆ, ಲಕ್ಷಣವಾಗಿದ್ದೆ."

"ಅದನ್ನೇ ನಾನೂ ಅಂದ್ಕಂತಿದ್ದೆ," ಎಂದಳು ಅಮ್ಮ.

ಪುಷ್ಪಾ ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿಕೊಂಡಳು. ಅವಸರವಿಲ್ಲದೆ ಒಂದು ತುತ್ತು ತಿಂದಳು. ಆಮೇಲೆ ನನ್ನ ಕಡೆ ತಿರುಗಿ, ಅಂಗಡಿಗೆ ಬಂದ ಗಿರಾಕಿ ಕೇಳುವಷ್ಟು ಸಲೀಸಾಗಿ ಕೇಳಿದಳು:

"ಮಾತ್ರೆ ಬಿಟ್ರೆ ಮತ್ತೆ ಬೆಳ್ಳಗಾಗ್ತೀನಿ. ಏನ್ ಮಾಡ್ಲಿ, ಹೇಳ್ರಿ?"