ನಕ್ಷತ್ರಕ್ಕೆ ತೊಡಿಸಿದ ಬಳೆ

ನಂಬದೇ ಇರಿ ನೋಡೋಣ, ನಿಮ್ಮ ಕೈಲಾದರೆ. ಆಕಾಶದ ಒಂದು ನಕ್ಷತ್ರಕ್ಕೆ ಸಿಂದಗಿಯಲ್ಲಿ ಕೂತು ಬಳೆ ತೊಡಿಸಿದವನು ನಾನು. ಹೈಸ್ಕೂಲಿನಲ್ಲಿ ವರ್ಷಾನುಗಟ್ಟಲೆ ವಿಜ್ಞಾನ ಕಲಿಸಿದ್ದೇನೆ. ಅದಕ್ಕಿಂತ ಚೆನ್ನಾಗಿ ಜನರನ್ನು ಮಂಗ ಮಾಡಿದ್ದೇನೆ. ತಾಂಬಾದಿಂದ ಬಂದ ಬೀಗರಿಗೆ ಇಲ್ಲದ ಗ್ರಹಣ ಹೇಳಿ, ಹೋಳಿಗೆ ಎದುರಿಗಿಟ್ಟುಕೊಂಡೇ ಮಧ್ಯಾಹ್ನದವರೆಗೆ ಉಪವಾಸ ಕೂರಿಸಿದ್ದೇನೆ. ಈ ವಿದ್ಯೆಯಲ್ಲಿ ನನಗೆ ಸರಿಸಾಟಿಯಿಲ್ಲ ಎಂದೇ ತಿಳಿದಿದ್ದೆ.

ಶಾಲೆಯ ಕಪಾಟಿನಲ್ಲಿ ಆಕಾಶದ ಹಳೆಯ ಫೋಟೋ ಒಂದು ಸಿಕ್ಕಿತ್ತು, ಫಿಲ್ಮಿನ ಬದಲು ಗಾಜಿನ ಪ್ಲೇಟು ಬಳಸುತ್ತಿದ್ದ ಕಾಲದ್ದು. ನಡುವೆ ದೊಡ್ಡ ನಕ್ಷತ್ರ, ಅದಕ್ಕೆ ನಾಲ್ಕು ಕೋಡು, ಸುತ್ತ ಬೆಳಕಿನ ಬಳೆ. ಕೋಡುಗಳು ದೂರದರ್ಶಕದೊಳಗೆ ಕನ್ನಡಿ ಹಿಡಿದಿರುವ ಕಂಬಿಗಳ ಕಿತಾಪತಿ. ಬಳೆ ಗಾಜಿನದು: ಬೆಳಕು ಹೆಚ್ಚಾದರೆ ಪ್ಲೇಟಿಗೆ ಬಳಿದ ಮದ್ದನ್ನು ದಾಟಿ, ಗಾಜಿನ ಬೆನ್ನಿಗೆ ಬಡಿದು, ತಿರುಗಿ ಬಂದು ಸುತ್ತಲೂ ಮೂಡುತ್ತದೆ. ಆಕಾಶದಲ್ಲಿ ಕೋಡೂ ಇಲ್ಲ, ಬಳೆಯೂ ಇಲ್ಲ. ಇಷ್ಟೆಲ್ಲ ತಿಳಿದವನು ಸುಮ್ಮನಿರಬೇಕಿತ್ತು.

ಫೋಟೋ ಸ್ಟುಡಿಯೋ ಇಟ್ಟಿದ್ದ ರಾಜೇಸಾಬ ನನ್ನ ಜೀವದ ಗೆಳೆಯ. ಅವನ ಐದು ವರ್ಷದ ಒಬ್ಬಳೇ ಮಗಳು ಜ್ವರದಲ್ಲಿ ಹೋಗಿ ಎಂಟು ದಿನವಾಗಿತ್ತು. ಅವನನ್ನು ನಗಿಸೋಣವೆಂದು ಫೋಟೋ ಹಿಡಿದು ಹೋದೆ.

"ಮೋರಟಗಿ ಹೊಲದಾಗ ನಿಂತು ನಾನ ತಗದೇನಿ. ಈ ಬಳಿ ಐತೆಲ್ಲ, ಹೊಸಾ ಲೋಕ!"

ಸ್ಟುಡಿಯೋದ ಹಿಂದೆಯೇ ಮನೆ. ಪರದೆ ಸರಿಸಿ ಅವನ ಹೆಂಡತಿ ಹಸೀನಾ ಭಾಬಿ ಬಂದರು.

"ಅಲ್ಲಿ ಯಾರರ ಇರ್ತಾರೇನ್ರಿ, ಮಾಸ್ತರ್ರ?"

"ಇರ್ತಾರ್ರಿ ಭಾಬಿ. ಸಣ್ಣವರೂ ಇರ್ತಾರ."

ನನ್ನ ನಾಲಿಗೆಗೆ ಬ್ರೇಕಿಲ್ಲ. ಫೋಟೋ ಕಟ್ಟು ಹಾಕಿಸಿಕೊಂಡು ಅವರ ಗೋಡೆ ಏರಿತು. ಭಾಬಿ ನಲವತ್ತು ವರ್ಷ ದಿನಾ ಬೆಳಿಗ್ಗೆ ಅದನ್ನು ಸೆರಗಿನಿಂದ ಒರೆಸಿದರು. ನಿಜ ಹೇಳಬೇಕೆಂದು ಎಷ್ಟೋ ಸಲ ಹೋಗಿ, ಚಹಾ ಕುಡಿದು ಬಂದಿದ್ದೇನೆ.

ಹೋದ ವಾರ ಭಾಬಿ ತೀರಿಕೊಂಡರು. ಮೂರನೇ ದಿನದ ಜಿಯಾರತ್ ಮುಗಿದು ಜನ ಹೋದ ಮೇಲೆ ಬಾಯಿಬಿಟ್ಟೆ.

"ರಾಜೇಸಾಬ, ಆ ಬಳಿ ಸುಳ್ಳಪಾ."

"ಗೊತ್ತೈತಿ. ನಮ್ಮಪ್ಪ ಪ್ಲೇಟಿನ ಬೆನ್ನಿಗೆ ಮಸಿ ಹಚ್ತಿದ್ದ, ಬೆಳಕು ತಿರುಗಿ ಬರಬಾರದಂತ. ಆ ಮಸಿ ಕಲಸಾಂವ ನಾನ. ಫೋಟೋದವಗ ಬಳಿ ತೋರಸಾಕ ಬಂದಿದ್ದೆಲ್ಲಲೇ, ಶಾಣ್ಯಾ!"

"ಮತ್ತ ಆವತ್ತ ಯಾಕ ಹೇಳಲಿಲ್ಲೋ?"

"ಎಂಟ ದಿನದಿಂದ ಆಕಿ ಸರಿಯಾಗಿ ಉಂಡಿದ್ದಿಲ್ಲ. ನೀ ಸಣ್ಣವರೂ ಇರ್ತಾರ ಅಂದಿ, ಆವತ್ತ ಅರ್ಧಾ ರೊಟ್ಟಿ ತಿಂದ್ಲು. ಹೆಂಗ ಹೇಳಲಿ?"

ಹೀಗಂದವನು ನನ್ನ ಬೆನ್ನಿಗೊಂದು ಗುದ್ದಿ, ಹೊಟ್ಟೆ ಹಿಡಿದುಕೊಂಡು ನಕ್ಕ. ನನ್ನನ್ನು ನಲವತ್ತು ವರ್ಷ ಮಂಗ ಮಾಡಿದವನು ಅವನೊಬ್ಬನೇ.

ಇಷ್ಟು ಹೊತ್ತು ಹೇಳಿದ್ದರಲ್ಲಿ ನಾನು ಕಟ್ಟಿದ್ದು ಒಂದೇ, ಆ ನಗು. ರಾಜೇಸಾಬ ನಗಲಿಲ್ಲ. ಎದ್ದು ಫೋಟೋ ಇಳಿಸಿ ನನ್ನ ಕೈಗಿಟ್ಟ. "ಸುಳ್ಳಂತ ಗೊತ್ತಿದ್ದೂ ದಿನಾ ಆಕಿ ಮಗ್ಗಲ್ಕ ನಿಂತು ನೋಡೇನಿ. ಇನ್ನ ನೀ ನೋಡು" ಅಂದ.