ನಾನೂರು ಸಾಲಿನ ಹೊಟ್ಟೆಕಿಚ್ಚು

ಓದಿದವರಿಗೆ ಹೊಟ್ಟೆಕಿಚ್ಚು ಬರುವುದಿಲ್ಲವೆಂದು ನಾನು ಬಹಳ ದಿನ ನಂಬಿದ್ದೆ. ಎಂಬತ್ತರ ದಶಕದ ಕೊನೆಗೆ ಮಧುಗಿರಿಯ ನಮ್ಮ ಕಚೇರಿಗೆ ಕಂಪ್ಯೂಟರ್ ಬಂತು. ಅದರ ಹಿಂದೆಯೇ ವೈ.ಎನ್.ಹೊಸಕೋಟೆಯ ಜಯಮ್ಮ ಕೆಲಸಕ್ಕೆ ಬಂದರು. ಅಲ್ಲಿಗೆ ನನ್ನ ನಂಬಿಕೆ ಹೋಯಿತು. ಅದುವರೆಗೆ ಕಂಪ್ಯೂಟರ್ ಬಲ್ಲವನು ನಾನೊಬ್ಬನೇ. ಬೆಂಗಳೂರಿನಲ್ಲಿ ಆರು ತಿಂಗಳು ಕೋಬಾಲ್ ಎಂಬ ಕಂಪ್ಯೂಟರ್ ಭಾಷೆ ಕಲಿತು ಬಂದವನು. ಧೂಳಾಗದಿರಲೆಂದು ಆ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು. ಹಾಗಾಗಿ ಪೂಜಾರಿಯ ಗತ್ತು ನನಗೆ ತಾನಾಗಿಯೇ ಬಂದಿತ್ತು. ಜಯಮ್ಮನಿಗೆ ಗೊತ್ತಿದ್ದುದು ಬೇಸಿಕ್ ಎಂಬ ಇನ್ನೊಂದು ಭಾಷೆ, ಅದೂ ಅಂಚೆಯಲ್ಲಿ ಪಾಠ ತರಿಸಿಕೊಂಡು ಕಲಿತದ್ದು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಮಳೆಯ ಪಟ್ಟಿ ತಯಾರಿಸುವ ಪ್ರೋಗ್ರಾಮನ್ನು ಇಬ್ಬರೂ ಬೇರೆಬೇರೆ ಬರೆಯಬೇಕೆಂದು ಸಾಹೇಬರು ಹೇಳಿದರು. ಚೆನ್ನಾಗಿ ಬರೆದವರಿಗೆ ಕಂಪ್ಯೂಟರ್ ಕೋಣೆಯ ಉಸ್ತುವಾರಿ. ನನ್ನದು ನಾನೂರು ಸಾಲಾಯಿತು, ಜಯಮ್ಮನದು ನಲವತ್ತು. ಹತ್ತು ಪಟ್ಟು ದುಡಿದಿದ್ದೇನೆಂದು ನಾನು ಬೀಗಿದೆ. ಸಾಹೇಬರು ಒಪ್ಪಲಿಲ್ಲ. ಕೋಬಾಲಿನಲ್ಲಿ ಒಂದು ಮಾತಾಡುವ ಮುನ್ನ ಊರು, ಹೆಸರು, ಗೋತ್ರವೆಲ್ಲ ಒಪ್ಪಿಸಬೇಕು, ಬೇಸಿಕ್‌ನಲ್ಲಿ ಅದು ಬೇಡ; ಭಾಷೆ ಬೇರೆಯಾದ ಮೇಲೆ ಸಾಲು ಎಣಿಸಿ ಗುಣ ಅಳೆಯುವುದು ಹೇಗೆ ಎಂದರು. ಕೊನೆಗೆ ಅವರೇ ಒಂದು ಅಳತೆ ಕಂಡುಹಿಡಿದರು: ಒಬ್ಬರ ಪ್ರೋಗ್ರಾಮಿಗೆ ಇನ್ನೊಬ್ಬರು ಹೊಸದೊಂದು ಮಳೆಮಾಪನ ಕೇಂದ್ರ ಸೇರಿಸಬೇಕು. ಯಾರದು ಬೇಗ ಅರ್ಥವಾಗುತ್ತದೋ, ಯಾರದರಲ್ಲಿ ತಪ್ಪು ಕಡಿಮೆಯೋ ಅದೇ ಮೇಲು.

ಜಯಮ್ಮನ ಪ್ರೋಗ್ರಾಮು ನನಗೆ ಕಾಲು ಗಂಟೆಯಲ್ಲಿ ಅರ್ಥವಾಯಿತು. ಅದು ಅಷ್ಟು ಸುಲಭವೆಂದು ಯಾರಿಗೂ ತಿಳಿಯಬಾರದೆಂದು ಹಣೆ ಉಜ್ಜಿಕೊಳ್ಳುತ್ತ ಸಂಜೆಯವರೆಗೂ ಕುಳಿತಿದ್ದೆ. ನನ್ನದನ್ನು ಓದಲು ಜಯಮ್ಮನಿಗೆ ಎರಡು ದಿನ ಹಿಡಿಯಿತು. ಮೂರನೆಯ ದಿನ ನನ್ನ ಮೇಜಿನ ಬಳಿ ಬಂದು ಮೆಲ್ಲಗೆ ಹೇಳಿದರು:

"ಸಾರ್, ನಿಮ್ಮದ್ರಾಗೆ ಶಿರಾದ ಮಳೆ ಎಲ್ಡು ಸಲ ಕೂಡ್ಕಂಡೈತೆ. ಸರಿ ಮಾಡ್ಬುಟ್ಟಿದೀನಿ. ಸಾಹೇಬ್ರಿಗೇನೂ ಹೇಳಿಲ್ಲ, ಬುಡಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಒಳ್ಳೆಯತನವನ್ನು ಸಹಿಸುವುದೇ ಕಷ್ಟವಾಯಿತು. ನೆಟ್ಟಗೆ ಸಾಹೇಬರ ಕೋಣೆಗೆ ಹೋಗಿ, ತಪ್ಪು ನನ್ನದು, ತಿದ್ದಿದವರು ಜಯಮ್ಮ ಎಂದು ಒಪ್ಪಿಕೊಂಡೆ. ಉಸ್ತುವಾರಿ ಜಯಮ್ಮನಿಗೆ ಹೋಯಿತು. ನನ್ನ ಪ್ರಾಮಾಣಿಕತೆಯನ್ನು ಸಾಹೇಬರು ಎಲ್ಲರೆದುರು ಹೊಗಳಿದರು. ಜಯಮ್ಮನ ಕಣ್ಣಂಚೂ ಒದ್ದೆಯಾಯಿತು.

ಇಷ್ಟು ವರ್ಷ ಯಾರಿಗೂ ಹೇಳದ್ದನ್ನು ನಿಮಗೆ ಹೇಳುತ್ತೇನೆ. ನನ್ನ ತಪ್ಪಿನ ಸುದ್ದಿ ಎಂದಾದರೂ ತಾನಾಗಿ ಹೊರಬಿದ್ದರೆ, ಕಂಡೂ ಹೇಳದ ದೊಡ್ಡ ಮನಸ್ಸಿನವಳೆಂಬ ಹೆಸರೂ ಜಯಮ್ಮನಿಗೇ ಬರುತ್ತದಲ್ಲ, ಅದೊಂದನ್ನಾದರೂ ತಪ್ಪಿಸೋಣವೆಂದು ನಾನು ಅವತ್ತು ಸಾಹೇಬರ ಕೋಣೆಗೆ ಓಡಿದ್ದೆ.