ನಾನೇ ಆರಿಸಬೇಕಾಗಿದ್ದ ಬಂದೂಕು

ನಿರ್ಧಾರ ಮಾಡುವ ಶಕ್ತಿ ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ನಾನು ಆ ಸಾಲಿನವನಲ್ಲ. ಹೋಟೆಲಿನಲ್ಲಿ ಮಾಣಿ ಬಂದು “ಎಂಥ ಬೇಕು?” ಎಂದರೆ ಪಕ್ಕದ ಟೇಬಲ್ಲಿನವರ ತಟ್ಟೆ ನೋಡುತ್ತೇನೆ. ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಖೋಲಿ, ಅದರೊಳಗಿನ ಫ್ಯಾನು, ನನ್ನ ಕನ್ನಡಕದ ಫ್ರೇಮು, ಎಲ್ಲವನ್ನೂ ಆರಿಸಿದವನು ನನ್ನ ಹೆಂಡತಿ ಶಾರದೆಯ ತಮ್ಮ ರಘುರಾಮ. ಪಕ್ಕದ ಕಲ್ಯಾಣದಲ್ಲಿ ಹೋಟೆಲು ನಡೆಸುವ ಅವನು “ಇದೇ ಇರ್ಲಿ ಭಾವ” ಎಂದನೆಂದರೆ ಮುಗಿಯಿತು, ನಾನು ತಲೆಯಾಡಿಸುತ್ತಿದ್ದೆ. ಸಾವಿರದ ಒಂಬೈನೂರ ಎಂಬತ್ತರ ಆಸುಪಾಸಿನಲ್ಲಿ, ಕೂದಲು ನೆರೆಯಲು ಶುರುವಾದ ಮೇಲೆ, ನನಗೊಂದು ಹಟ ಹುಟ್ಟಿತು. ಸಾಯುವುದರೊಳಗೆ ಒಂದೇ ಒಂದು ವಸ್ತುವನ್ನಾದರೂ ನಾನೇ ಆರಿಸಬೇಕು. ನನ್ನ ಗ್ರಹಚಾರ ನೋಡಿ, ಆ ವಸ್ತು ಬಂದೂಕಾಯಿತು.

ಆದದ್ದಿಷ್ಟು. ಆಫೀಸಿನ ಗೆಳೆಯನೊಬ್ಬ ಒಂದು ಭಾನುವಾರ ನನ್ನನ್ನು ಠಾಣೆ ಪಟ್ಟಣದ ರೈಫಲ್ ಕ್ಲಬ್ಬಿಗೆ ಎಳೆದುಕೊಂಡು ಹೋದ. ಏರ್‌ಗನ್ನಿನಿಂದ ರಟ್ಟಿನ ಮೇಲಿನ ಕಪ್ಪು ಚುಕ್ಕೆಗೆ ಗುರಿಯಿಡುವ ಆಟ. ಒಂದೇ ದಿನಕ್ಕೆ ಮರುಳಾದೆ. ಅಲ್ಲಿ ಕಲಿಸುತ್ತಿದ್ದವರು ಮಿಲಿಟರಿಯಿಂದ ನಿವೃತ್ತರಾದ ವಿಜಾಪುರದ ಪಾಟೀಲರು. “ನಿಮ್ದ ಒಂದ ಬಂದೂಕ ತಗೋರಿ. ಕಾಲಾಗಿನ ಚಪ್ಪಲಿ ಇದ್ದಂಗ ಇದು. ಮಂದೀದ ನೋಡಿ ತಗೋಬ್ಯಾಡ್ರಿ, ನಿಮಗ ಹೊಂದೂದು ನೀವ ಹುಡುಕ್ರಿ,” ಎಂದರು. ಕ್ಲಬ್ಬಿನ ಬಂದೂಕುಗಳನ್ನೆಲ್ಲ ಹಿಡಿದು ನೋಡಿ ಒಂದನ್ನು ಹೇಳಿದರೆ ಅಂಥದ್ದನ್ನೇ ತರಿಸಿಕೊಡುವುದಾಗಿ ಮಾತು ಕೊಟ್ಟರು.

ಮನೆಯಲ್ಲಿ ಹೇಳಿದೆ. ಶಾರದೆ ಒಗ್ಗರಣೆ ಸೌಟು ಹಿಡಿದೇ ಹೊರಗೆ ಬಂದಳು.

“ಯಾರನ್ನ ಕೊಲ್ಲಲಿಕ್ಕೆ?”

“ಯಾರನ್ನೂ ಅಲ್ಲ ಮಾರಾಯ್ತಿ. ಕಾಗದಕ್ಕೆ ತೂತು ಮಾಡ್ಲಿಕ್ಕೆ.”

“ಅದಕ್ಕೆ ಬಂದೂಕು ಯಾಕೆ? ನಿಮ್ಮ ಆಫೀಸಲ್ಲಿ ಪಂಚಿಂಗ್ ಮಿಷನ್ ಇಲ್ವಾ?”

“ತಮ್ಮನ ಹತ್ರ ಮಾತ್ರ ಹೇಳ್ಬೇಡ” ಎಂದು ಅಂಗಲಾಚಿದೆ.

ಕ್ಲಬ್ಬಿನಲ್ಲಿ ಹಿಡಿದು ನೋಡಿದ ಮೊದಲ ಬಂದೂಕು ಭಾರವಾಗಿತ್ತು, ಕೊಳವೆಯ ತುದಿ ಗಿರಗಿರನೆ ಸುತ್ತಿತು. ಹಗುರದ್ದನ್ನು ಹಿಡಿದೆ, ಅದು ಇನ್ನೂ ಕುಣಿಯಿತು. ಒಂದರ ಹಿಡಿ ಉದ್ದ, ಇನ್ನೊಂದರದು ಗಿಡ್ಡ. ವಾರಗಟ್ಟಲೆ ಒಂದೊಂದಕ್ಕೂ ಒಂದೊಂದು ದೋಷ ಹೊರಿಸಿದೆ. ಪಾಟೀಲರಿಗೆ ರೇಗಿತು. “ಬಂದೂಕ ಏನೂ ಮಾಡಿಲ್ರೀ ಸಾಹೇಬ್ರ. ನಿಮಗ ನಿಲ್ಲಾಕ ಬರೂದಿಲ್ಲ!”

ನನಗೆ ನಿಲ್ಲಲು ಬರುವುದಿಲ್ಲವೇ? ಡೊಂಬಿವಲಿಯ ಫಾಸ್ಟ್ ಲೋಕಲ್ ರೈಲಿನಲ್ಲಿ ವಿ.ಟಿ. ಸ್ಟೇಷನ್ನಿನವರೆಗೆ ಒಂಟಿ ಕಾಲಲ್ಲಿ ನಿಂತು ಸಂಸಾರ ಸಾಗಿಸಿದವನು ನಾನು! ಸಿಟ್ಟಿನಲ್ಲೇ ಮನೆಗೆ ಹೊರಟೆ. ಭಾನುವಾರದ ಗಾಡಿ ಖಾಲಿಯಿತ್ತು. ಹಟಕ್ಕೆ ಬಿದ್ದು ಕೂರದೆ, ಏನನ್ನೂ ಹಿಡಿಯದೆ ನಿಂತೆ. ಗಾಡಿ ಹೊರಟ ಕೂಡಲೇ ಎದುರಿನ ಅಜ್ಜಿಯ ಸೊಪ್ಪಿನ ಬುಟ್ಟಿಯ ಮೇಲೆ ಬಿದ್ದೆ. ಆಗ ಅರ್ಥವಾಯಿತು. ಇಷ್ಟು ವರ್ಷ ನಾನು ನಿಂತೇ ಇರಲಿಲ್ಲ, ನಾಲ್ಕೂ ಕಡೆಯ ಜನ ನನ್ನನ್ನು ನಿಲ್ಲಿಸಿಕೊಂಡಿದ್ದರು. ಇಂಥವನು ಬಂದೂಕು ಆರಿಸುವುದೆಂದರೇನು?

ಮುಂದಿನ ಭಾನುವಾರವೇ ಪಾಟೀಲರು ಕೊಟ್ಟ ಕಡೆಯ ಗಡುವು, ಆವತ್ತು ಬಂದೂಕು ಯಾವುದೆಂದು ಹೇಳಲೇಬೇಕು. ಅಷ್ಟರಲ್ಲಿ ಶಾರದೆ ತಮ್ಮನ ಹತ್ತಿರ ಬಾಯಿಬಿಟ್ಟಿದ್ದಳು. ಕ್ಲಬ್ಬಿಗೆ ಹೋಗಿ ನೋಡಿದರೆ ರಘುರಾಮ ನನಗಿಂತ ಮೊದಲೇ ಬಂದು ಕೂತಿದ್ದಾನೆ! ನನ್ನ ಆಸೆ ಅಲ್ಲೇ ಸತ್ತಿತು. ನಾನು ಗುರಿಯಿಟ್ಟಾಗ ಅವನು ಕುತೂಹಲದಿಂದ ನನ್ನ ಬೆನ್ನಿಗೆ ತನ್ನ ಹೊಟ್ಟೆ ಒತ್ತಿಕೊಂಡು ನಿಂತ. ಏನಾಶ್ಚರ್ಯ, ಕೊಳವೆ ಅಲುಗಲಿಲ್ಲ! ಗುಂಡು ಚುಕ್ಕೆಯ ನಟ್ಟನಡುವೆ ಹೊಕ್ಕಿತು.

“ಏ ಯಾರ್ರೀ ಅವ್ರು, ಹಿಂದಕ್ಕ ಸರೀರಿ!” ಎಂದು ಪಾಟೀಲರು ಗುಡುಗಿದರು. ಅವನು ಸರಿದ. ಮುಂದಿನ ಗುಂಡು ರಟ್ಟನ್ನೇ ಬಿಟ್ಟು ಗೋಡೆಗೆ ಬಿತ್ತು.

“ಇರ್ಲಿ, ಕಲಿತೀರಿ. ಈಗ ಯಾವ್ದು ಬೇಕು ಹೇಳ್ರಿ,” ಎಂದು ಪಾಟೀಲರು ಎರಡು ಬಂದೂಕುಗಳನ್ನು ಮೇಜಿನ ಮೇಲಿಟ್ಟರು. ಎರಡನ್ನೂ ನೋಡಿದೆ. ನನಗೆ ಗೊತ್ತಿಲ್ಲದೆಯೇ ಕತ್ತು ರಘುರಾಮನ ಕಡೆ ಹೊರಳಿತು.

ಅವನು ಎರಡೂ ಕೈ ಮೇಲೆತ್ತಿದ. “ಇದ್ರಲ್ಲಿ ನಂಗೆ ಎಂಥದೂ ಗೊತ್ತಿಲ್ಲ ಭಾವ. ನೀವೇ ಹೇಳಿ.”

ಇಷ್ಟು ವರ್ಷಗಳಲ್ಲಿ ಅವನು ನನಗೆ ಮಾಡಿದ ಅನ್ಯಾಯ ಅದೊಂದೇ.